ಪಿಸ್ತೂಲಿನ ಗುರುತು

ತಯಾರಕರ ಗುರುತು ಸಿಗದೆ ಮ್ಯೂಸಿಯಂನವರು ಪಿಸ್ತೂಲನ್ನು ತೆಗೆದುಕೊಳ್ಳುವಂತಿರಲಿಲ್ಲ. ಮೂರನೇ ಸಲ ಬಂದಿದ್ದ ಸುಭದ್ರಮ್ಮನವರಿಗೆ ರೇಗಿಹೋಗಿತ್ತು.

“ಇನ್ನೆಷ್ಟು ಅಲೆಸ್ತೀಯಪ್ಪ? ನಮ್ಮಜ್ಜ ಸ್ವಂತ ತಮ್ಮನ ಎದೆಗೆ ಹಿಡಿದಿದ್ದ ಪಿಸ್ತೂಲಿದು! ದೇವರು ದೊಡ್ಡವನು, ಗುಂಡು ಹಾರಲಿಲ್ಲ.”

“ಕೂತ್ಕೊಳ್ಳಿ ಅಮ್ಮ,” ಎಂದು ತಜ್ಞ ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟ. “ಹುಣಸೆಹಣ್ಣು ಹಾಕಿ ಉಜ್ಜಿದೋರು ಯಾರು? ಅಕ್ಷರವೆಲ್ಲ ಸವೆದುಹೋಗಿದೆ.”

“ನಮ್ಮಜ್ಜಿ. ಪ್ರತಿ ಆಯುಧಪೂಜೆಗೂ ಅವಳೇ ತೊಳೀಬೇಕು. ಬೇರೆಯವರಿಗೆ ಮುಟ್ಟೋಕೂ ಬಿಡ್ತಿರಲಿಲ್ಲ.”

ಅವನು ಮದ್ದು ಹಾಕುವ ಗುಳಿಯ ಮುಚ್ಚಳ ಎತ್ತಿ ಭೂತಗನ್ನಡಿ ಹಿಡಿದ. “ಅರೆ, ಕಿಡಿ ಒಳಗೆ ಹೋಗೋ ತೂತಿಗೆ ಯಾರೋ ಅರಗು ತುಂಬಿ ಒತ್ತಿದ್ದಾರೆ. ಮೇಲೆ ಪುಟ್ಟ ಮೀನಿನ ಅಚ್ಚು ಮೂಡಿದೆ. ಇದು ಯಾವ ಕಂಪನಿಯ ಗುರುತೋ, ನಾನಂತೂ ಕಂಡಿಲ್ಲ.”

ಸುಭದ್ರಮ್ಮನವರು ಸೀರೆಯ ಅಂಚನ್ನು ಮೆಲ್ಲಗೆ ಸರಿಸಿ, ಅಜ್ಜಿ ತಮಗೆ ಬಿಟ್ಟುಹೋಗಿದ್ದ ಮೀನಿನ ಕಾಲುಂಗುರ ತೋರಿಸಿದರು.