ಹತ್ತು ಗಂಟೆಯ ಟಪಾಲು

ಒಂಬತ್ತನೆಯ ಪತ್ರವೂ ಮಾಯವಾಯಿತು.

ಬೆಳಿಗ್ಗೆ ಹತ್ತಕ್ಕೆ ಫೋನು ಮಿನುಗಿದಾಗ ಕಳಿಸಿದವರ ಹೆಸರನ್ನು ಅವಳು ಕಣ್ಣಾರೆ ಕಂಡಿದ್ದಳು. ಮುಟ್ಟುವಂತಿರಲಿಲ್ಲ, ಮೊಣಕೈವರೆಗೂ ಅಂಟು. ಪುಸ್ತಕಕ್ಕೆ ರಟ್ಟು ಕಟ್ಟುವವರ ಬೆಳಗೆಲ್ಲ ಹಾಗೆಯೇ. ಮಧ್ಯಾಹ್ನ ಕೈ ತೊಳೆದು ನೋಡಿದರೆ ಪತ್ರವಿಲ್ಲ. ಬಂದವುಗಳಲ್ಲಿಲ್ಲ, ಜಾಹೀರಾತುಗಳ ನಡುವೆ ಇಲ್ಲ, ಅಳಿಸಿದವುಗಳ ಬುಟ್ಟಿಯಲ್ಲೂ ಇಲ್ಲ.

“ಈ ಕಂಪನಿಯ ಸಹವಾಸ ಸಾಕು,” ಎಂದಳು. “ಬೇರೆ ಇಮೇಲ್ ನೋಡೋಣ.”

“ಇಷ್ಟು ದಿನ ತಡಕೊಂಡಿದ್ದೇ ಹೆಚ್ಚು ಅತ್ತಿಗೆ,” ಎಂದಳು ನಾದಿನಿ. ವಿಮಾ ಕಚೇರಿಯಲ್ಲಿ ಅವಳ ಕೆಲಸ. ಕಂಪ್ಯೂಟರ್ ವಿಷಯದಲ್ಲಿ ಮನೆಗೆ ಅವಳೇ ಹೈಕೋರ್ಟು.

ಅವಸರಕ್ಕೆ ಕಾರಣವಿತ್ತು. ದೊಡ್ಡ ಗ್ರಂಥಾಲಯವೊಂದು ತನ್ನ ನಾನೂರು ಹಳೆಯ ಭೂಪಟ ಸಂಪುಟಗಳಿಗೆ ಹೊಸ ರಟ್ಟು ಹಾಕಿಸಲಿತ್ತು. ಒಂದೂವರೆ ವರ್ಷದ ಕೆಲಸ. ಗಂಡ ಕಳೆದ ವರ್ಷವೇ ಅರ್ಜಿ ಹಾಕಿದ್ದ. ಒಪ್ಪಿಗೆ ಪತ್ರ ಈ ತಿಂಗಳು ಬರಬೇಕು. ವಾರದೊಳಗೆ ಉತ್ತರಿಸದಿದ್ದರೆ ಕೆಲಸ ಬೇರೆಯವರಿಗೆ. ಅದು ಕೈತಪ್ಪಿದರೆ ಅಂಗಡಿಯ ಬಾಗಿಲು ಎಳೆಯುವುದೊಂದೇ ದಾರಿ.

ಬೆಳಗಿನ ಇಮೇಲು ಮಾವನ ಪಾಲು. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದ ಕೈ, ನಿವೃತ್ತಿಯಾದರೂ ಸುಮ್ಮನಿರಲೊಲ್ಲದು. ಸೊಸೆಯ ಕೈಗೆ ಅಂಟಾದೊಡನೆ ಅವರು ಕನ್ನಡಕ ಏರಿಸಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಒಳಗಿನ ವಿಷಯ ಓದುವವರಲ್ಲ. ಯಾರಿಗೆ ಎಂದು ಮೊದಲ ಸಾಲು ನೋಡಿದರೆ ಮುಗಿಯಿತು. “ಅಮ್ಮಾ, ನಿನಗೆ ಎರಡು, ಜಾಹೀರಾತು ಐದು!” ಎಂದು ಕೂಗಿ, ಬೇಡದ್ದನ್ನೆಲ್ಲ ಅಳಿಸಿ, ಬುಟ್ಟಿಯನ್ನೂ ಚೊಕ್ಕ ಮಾಡಿ, ಹತ್ತೂವರೆಗೆ ಎದ್ದುಬಿಡುತ್ತಿದ್ದರು.

“ಮಾವ, ಗ್ರಂಥಾಲಯದ್ದೇನಾದ್ರೂ ಬಂತಾ?”

“ನಿನ್ನ ಹೆಸರಿಗೆ ಬಂದದ್ದೆಲ್ಲ ಹೇಳ್ತಾನೇ ಇದ್ದೀನಲ್ಲಮ್ಮಾ.”

“ಪತ್ರಗಳು ಕಳೆದುಹೋಗ್ತಿವೆ.”

“ಕಾಗದ ಕಳೆದುಹೋಗೋದು ಅಂತ ಇಲ್ಲ.” ಮಾವನಿಗೆ ಕೊಂಚ ಅವಮಾನವೇ ಆದಂತಿತ್ತು. “ಇಲ್ಲಿಲ್ಲ ಅಂದ್ರೆ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಗಿರುತ್ತೆ.”

ಕಳೆದದ್ದೆಲ್ಲ ಹಳೆಯ ಗಿರಾಕಿಗಳದ್ದು. ಹೊಸಬರದು ಒಂದೂ ತಪ್ಪಿರಲಿಲ್ಲ. ಕಂಪನಿಗೆ ಹಳಬರ ಮೇಲೆ ಹಗೆಯೇನೋ ಎನ್ನುವಂತಿತ್ತು. ದೂರದೂರಿನ ಮುದ್ರಣಾಲಯದ ಯಜಮಾನರಿಗೆ ಅವಳೇ ಫೋನು ಮಾಡಿದಳು. ಒಂದು ದಿನ ತಡವಾದರೆ ಸೂರು ಹಾರಿಹೋಗುವಂತೆ ಕೂಗಾಡುವ ಮನುಷ್ಯ.

“ಬರೆದಿದ್ದೆ. ಅದಿರಲಿ ಬಿಡಿ,” ಎಂದರು ಮೆತ್ತಗೆ. “ಅವಸರ ಏನೂ ಇಲ್ಲಮ್ಮ. ನೀವು ಹೊತ್ತುಹೊತ್ತಿಗೆ ಊಟ ಮಾಡಿ.” ಫೋನಿಟ್ಟೇಬಿಟ್ಟರು.

“ಪಾಪ, ಅವರಿಗೇ ಮೈ ಸರಿಯಿಲ್ಲ ಅಂತ ಕಾಣುತ್ತೆ,” ಎಂದಳು ನಾದಿನಿಗೆ.

ಭಾನುವಾರ ಇಬ್ಬರೂ ಕೂತು ಮೂರು ಕಂಪನಿಗಳನ್ನು ಆರಿಸಿದರು. ಒಂದು ಪುಕ್ಕಟೆ, ಆದರೆ ಪುಟದ ತುಂಬ ಚಪ್ಪಲಿಯ ಜಾಹೀರಾತು. ಒಂದು ದುಬಾರಿ, ಬೀಗದ ಮೇಲೆ ಬೀಗ. ಇನ್ನೊಂದು ಎಷ್ಟು ಹಳೆಯದೆಂದರೆ ನಾದಿನಿ ಅದನ್ನು ಅಜ್ಜಯ್ಯ ಎಂದೇ ಕರೆದಳು. ಅತ್ತಿಗೆ ಮೂರೂ ಕಡೆ ಫೋನು ಮಾಡಿ ವಿಚಾರಿಸಿದಳು. ಅಳಿಸಿದ್ದನ್ನು ಎಷ್ಟು ದಿನ ಇಟ್ಟಿರುತ್ತೀರಿ? ತೊಂದರೆಯಾದರೆ ಮನುಷ್ಯರು ಮಾತಾಡುತ್ತಾರೋ, ಯಂತ್ರವೋ?

“ಏನತ್ತಿಗೆ, ಗಂಡು ನೋಡೋರ ಥರ ಕುಲಗೋತ್ರ ಎಲ್ಲ ಕೇಳ್ತಿದ್ದೀರಲ್ಲ!” ಎಂದು ನಕ್ಕ ನಾದಿನಿ, ಥಟ್ಟನೆ ಎದ್ದು ಲೋಟ ತೊಳೆಯಲು ಹೋದಳು. ಆಗಲೇ ತೊಳೆದಿಟ್ಟ ಲೋಟ.

ಆಮೇಲೆ ಪರೀಕ್ಷೆ. ನಾದಿನಿ ಕಚೇರಿಯಿಂದ ಒಂದೊಂದು ಕಂಪನಿಯ ಪ್ರಯೋಗದ ಖಾತೆಗೂ ಇಪ್ಪತ್ತು ಪತ್ರ ಕಳಿಸಿದಳು. ‘ಪ್ರೀತಿಯ ಅತ್ತಿಗೆಗೆ, ಇದು ಹದಿನೇಳನೆಯದು. ಊಟಕ್ಕೆ ಏನು ಮಾಡಿದ್ದೀರಿ?’ ಮಾವ ಒಂದೊಂದನ್ನೂ ಎಣಿಸಿ ಕೂಗಿದರು. ಅರವತ್ತಕ್ಕೆ ಅರವತ್ತೂ ಬಂದವು.

“ಮೂರೂ ಪಾಸು,” ಎಂದಳು ನಾದಿನಿ. “ಬೀಗದ್ದೇ ತಗೊಳ್ಳಿ. ಹಳೇ ವಿಳಾಸಕ್ಕೆ ಬಂದದ್ದೂ ಇಲ್ಲಿಗೇ ಬರೋ ಹಾಗೆ ಮಾಡ್ತೀನಿ. ಖಾತೆ ಯಾರ ಹೆಸರಲ್ಲಿರಲಿ?”

“ಈಗ ಯಾರ ಹೆಸರಿದೆಯೋ ಅದೇ ಇರಲಿ.”

ನಾದಿನಿ ಒಂದು ಗಳಿಗೆ ಅವಳ ಮುಖ ನೋಡಿದಳು. ಅಣ್ಣನ ಹೆಸರು ಒತ್ತಿದಳು. ಅಂಗಡಿಯ ಫಲಕದ ಮೇಲಿದ್ದದ್ದೂ ಅದೇ ಹೆಸರು.

ಮೂರು ದಿನ ಎಲ್ಲ ಸುಸೂತ್ರ. ಗುರುವಾರ ಹತ್ತು ಗಂಟೆಗೆ ಫೋನು ಮಿನುಗಿತು. ಗ್ರಂಥಾಲಯ! ಅಂಟಿನ ಕೈಗಳನ್ನು ಮೇಲೆತ್ತಿಕೊಂಡೇ ಅವಳು ಒಂದು ಸುತ್ತು ಕುಣಿದಳು. ಅಂಟು ಒಣಗುವ ಮೊದಲು ರಟ್ಟು ಕೂಡಿಸಬೇಕು; ಬಿಟ್ಟು ಏಳುವಂತಿಲ್ಲ. ಹನ್ನೆರಡಕ್ಕೆ ಕೈ ತೊಳೆದು ಓಡಿದಳು.

ಇಲ್ಲ.

ಕಂಪನಿಗೆ ಬೈಯುವಷ್ಟು ತಾಳ್ಮೆಯೂ ಉಳಿದಿರಲಿಲ್ಲ. ನೇರವಾಗಿ ಗ್ರಂಥಾಲಯಕ್ಕೇ ಫೋನು ಮಾಡಿದಳು.

“ನಿಮ್ಮ ಪತ್ರ ಕೈಗೆ ಸಿಗಲಿಲ್ಲ ಮೇಡಂ. ದಯವಿಟ್ಟು ಕೆಲಸ ಬೇರೆಯವರಿಗೆ ಕೊಡಬೇಡಿ. ನಾನು ಮಾಡ್ತೀನಿ.”

“ನೀವು ಮಾಡೋದಾದ್ರೆ ಖಂಡಿತ ನಿಮಗೇ,” ಎಂದರು ಗ್ರಂಥಪಾಲಕಿ. ದನಿ ತಗ್ಗಿತು. “ಆದ್ರೆ ಪತ್ರ ನಿಮಗೆ ಸೇರಿದೆಯಲ್ಲಮ್ಮಾ? ಹತ್ತೇ ನಿಮಿಷಕ್ಕೆ ನಿಮ್ಮಲ್ಲಿಂದ ಉತ್ತರ ಬಂತು.”

“ಉತ್ತರವಾ? ಏನಂತ?”

ಗ್ರಂಥಪಾಲಕಿ ಆ ಉತ್ತರ ತೆರೆದು ನಿಧಾನವಾಗಿ ಓದಿದರು.

“‘ಇದು ನನ್ನ ಮಗನ ಹೆಸರಿಗೆ ಬಂದ ಕಾಗದ. ಅವನು ತೀರಿಕೊಂಡು ಐದು ತಿಂಗಳಾಯಿತು. ಆದ್ದರಿಂದ ವಾಪಸ್ ಕಳಿಸಿದ್ದೇನೆ. ದಯವಿಟ್ಟು ಇನ್ನು ಈ ಹೆಸರಿಗೆ ಬರೆಯಬೇಡಿ; ಸೊಸೆ ಈಗಷ್ಟೇ ಅಳು ನಿಲ್ಲಿಸಿದ್ದಾಳೆ.’”