ಮಾವನ ತೂಕ

"ಇದೇ ಕೊಡಿ" ಎಂದುಬಿಟ್ಟಳು ಸ್ಫೂರ್ತಿ. ಮಾವ ಇನ್ನೂ ಗಾಡಿಯಿಂದ ಇಳಿದಿರಲಿಲ್ಲ.

ಕಡೂರಿನ ರುದ್ರಮೂರ್ತಿಯ ಸೈಕಲ್ ಅಂಗಡಿಯ ಮುಂದೆ ಎರಡು ರ‍್ಯಾಕುಗಳಿದ್ದವು. ಎರಡೂ ಗಾಡಿಯ ಹಿಂದಿನ ಹುಕ್ಕಿಗೆ ಸಿಕ್ಕಿಸಿ ಸೈಕಲ್ ಹೊತ್ತೊಯ್ಯುವಂಥವು. ಒಂದರಲ್ಲಿ ಸೈಕಲ್ಲನ್ನು ಎರಡು ತೋಳುಗಳಿಗೆ ನೇತುಹಾಕಬೇಕು. ಇನ್ನೊಂದರಲ್ಲಿ ಉದ್ದನೆಯ ಹಲಗೆಯಂಥ ಕಬ್ಬಿಣದ ಮೇಲೆ ಚಕ್ರ ಕೂರಿಸಿ ಬಿಗಿಯಬೇಕು. ನೇತುಹಾಕುವುದನ್ನೇ ಅವಳು ತಿಂಗಳಿಂದ ಫೋನಿನಲ್ಲಿ ನೋಡಿ ನೋಡಿ ಮನಸ್ಸು ಮಾಡಿದ್ದಳು. ಹಗುರ, ಒಬ್ಬಳೇ ಎತ್ತಿ ಹಾಕಬಹುದು. ಭಾನುವಾರ ಚಿಕ್ಕಮಗಳೂರಿನ ಗುಡ್ಡದಲ್ಲಿ ಮೌಂಟನ್ ಬೈಕ್ ರೇಸು; ಮೊದಲ ಐದರೊಳಗೆ ಬಂದರೆ ರಾಜ್ಯ ತಂಡದ ಆಯ್ಕೆಗೆ ಕರೆ ಬರುತ್ತದೆ. ಹೋದ ಸಲ ಸೈಕಲ್ಲನ್ನು ಬೊಲೆರೊ ಒಳಗೆ ಕಾಯಿ ಚೀಲಗಳ ಮೇಲೆ ಮಲಗಿಸಿಕೊಂಡು ಹೋಗಿ, ದಾರಿಯಲ್ಲೇ ಗೇರು ಬಗ್ಗಿ, ಎರಡನೇ ತಿರುವಿನಲ್ಲಿ ಚೈನು ಕಳಚಿ, ಗುಡ್ಡದಿಂದ ತಳ್ಳಿಕೊಂಡು ಇಳಿದಿದ್ದಳು. ಈ ಸಲ ಹಾಗಾಗಬಾರದು.

ಮಾವ ಗಂಗಾಧರಯ್ಯ ಬಂದಿದ್ದು ಸೈಕಲ್ಲಿಗಾಗಿ ಅಲ್ಲ, ತಮ್ಮ ಗಾಡಿಗೆ ಯಾರಾದರೂ ತೂತು ಕೊರೆದಾರು ಎಂಬ ಭಯಕ್ಕೆ. ಸಖರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿ. ಎರಡು ವರ್ಷದಿಂದ ಸೊಸೆ ರೇಸಿಗೆ ಹೊರಟಾಗಲೆಲ್ಲ "ಹೂಂ, ಹೋಗ್ಬಾಮ್ಮ" ಅನ್ನುತ್ತಿದ್ದರು, ಅಷ್ಟೇ. ಎಷ್ಟನೆಯವಳಾಗಿ ಬಂದೆ ಎಂದು ಒಮ್ಮೆಯೂ ಕೇಳಿದವರಲ್ಲ.

"ಏನೂ ಕೊರೆಯಲ್ಲ ಯಜಮಾನ್ರೆ. ಟ್ರೈಲರ್ ಎಳೆಯೋಕೆ ನೀವು ಹಾಕ್ಸಿರೋ ಹುಕ್ಕಿಗೇ ಕೂರ್ತದೆ" ಎಂದ ರುದ್ರಮೂರ್ತಿ.

"ಹಂಪ್ ಬಂದ್ರೆ?"

"ಏನೂ ಆಗಲ್ಲ."

"ನೀನು ಅಂಗಡೀಲಿ ನಿಂತು ಹೇಳ್ತಿದೀಯ. ಹೇರು ಅಲ್ಲಾಡ್ತದೋ ಇಲ್ವೋ ಅನ್ನೋದನ್ನ ರಸ್ತೇನೇ ಹೇಳ್ಬೇಕು."

ಮೊದಲ ರ‍್ಯಾಕು ಸಿಕ್ಕಿಸಿ, ಜೊತೆಗೆ ತಂದಿದ್ದ ಸೈಕಲ್ ನೇತುಹಾಕಿ ಸ್ಫೂರ್ತಿಯೇ ಗಾಡಿ ತೆಗೆದಳು. ಮಾವ ಹಿಂದಿನ ಸೀಟಿನಲ್ಲಿ ಹೊರಳಿ ಕೂತು ಗಾಜಿನಾಚೆಗೆ ಕಣ್ಣು ನೆಟ್ಟರು. ಮೊದಲನೇ ಹಂಪಿನಲ್ಲಿ ಸುಮ್ಮನಿದ್ದ ಸೈಕಲ್ಲು ಎರಡನೆಯದರಲ್ಲಿ ತೊಟ್ಟಿಲಿನಂತೆ ಜೋಲಿ ಹೊಡೆದು ಬೊಲೆರೊ ಬೆನ್ನಿಗಿದ್ದ ಸ್ಟೆಪ್ನಿಗೆ ಧಡ್ಡನೆ ಬಡಿಯಿತು. "ನಿಲ್ಸಮ್ಮ" ಎಂದರು. ಇಳಿದು ನೋಡಿದರೆ ಹ್ಯಾಂಡಲ್ಲಿನ ತುದಿ ಟೈರಿಗೆ ಉಜ್ಜಿ ಕಪ್ಪಾಗಿತ್ತು. ಒಂದು ತಿಂಗಳು ಕೂತು ಆರಿಸಿದ್ದು ಒಂದು ಫರ್ಲಾಂಗೂ ಬಾಳಲಿಲ್ಲ.

ಅಂಗಡಿಗೆ ಮರಳಿದ ಮೇಲೆ ಎರಡನೆಯ ರ‍್ಯಾಕನ್ನು ಗಾಡಿಗೆ ಸಿಕ್ಕಿಸಲು ಇಬ್ಬರು ಕೈಹಾಕಬೇಕಾಯಿತು. "ಇದನ್ನ ನಾನೊಬ್ಳೇ ಎತ್ತೋಕಾಗಲ್ಲ ಮಾವ" ಎಂದಳು. ಅವರ ಗಮನ ಇತ್ತ ಇರಲೇ ಇಲ್ಲ. ರ‍್ಯಾಕನ್ನು ಹಿಡಿದು ಮೇಲೆ ಕೆಳಗೆ ಜಗ್ಗಿ ನೋಡುತ್ತಿದ್ದರು. ಮುಖದ ಕಳೆಯೇ ಬೇರೆಯಾಗಿತ್ತು.

"ಎಷ್ಟು ತಡೀತದೆ?"

"ಅರವತ್ತು ಕೆಜಿ. ಎರಡು ಸೈಕಲ್ ಹಾಕಿದ್ರೂ ಮೂವತ್ತು ದಾಟಲ್ಲ" ಎಂದ ರುದ್ರಮೂರ್ತಿ.

"ನಿಂತಿದ್ದಾಗ ಮೂವತ್ತು. ಗುಂಡೀಲಿ ಬಿದ್ದಾಗ ಅದೇ ಅರವತ್ತಾಗ್ತದೆ. ನಲವತ್ತು ವರ್ಷದಿಂದ ಕಾಯಿ ಹೇರ್ತಿದೀನಿ ಕಣಪ್ಪ." ಮಾತು ಮುಗಿಯುವ ಮೊದಲೇ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ರ‍್ಯಾಕಿನ ಮೇಲೆ ಹತ್ತಿ ನಿಂತು ಸ್ಟೆಪ್ನಿಯನ್ನು ತಬ್ಬಿಕೊಂಡರು.

"ಅಯ್ಯೋ, ಜನ ನಿಲ್ಲೋಕೆ ಮಾಡಿದ್ದಲ್ಲ ಯಜಮಾನ್ರೆ ಅದು."

"ಮಾವ, ಇಳೀರಿ."

"ಅರವತ್ತೆರಡು ಕೆಜಿ ಇದೀನಿ. ನನ್ನ ತಡೆದ್ರೆ ನಿನ್ನ ಸೈಕಲ್ನೂ ತಡೀತದೆ. ಓಡ್ಸಮ್ಮ, ಹಂಪ್ ತಪ್ಪಿಸ್ಬೇಡ."

ಅವಳು ಮೊದಲನೇ ಗೇರಿನಲ್ಲಿ ಹೊರಟಳು. ಕನ್ನಡಿಯಲ್ಲಿ ಮಾವನ ಹೆಗಲ ಮೇಲಿನ ಟವೆಲ್ ಪಟಪಟ ಹಾರುತ್ತಿತ್ತು. ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಬೀದಿಗೆ ಬಂದರು. ಹಂಪು ದಾಟಿದ ಕೂಡಲೇ ಹಿಂದಿನ ಗಾಜಿನ ಮೇಲೆ ಟಕಟಕ ಬಡಿದ ಸದ್ದು. ಬಿದ್ದೇಬಿಟ್ಟರೇನೋ ಎಂದು ಬ್ರೇಕಿಗೆ ಕಾಲಿಟ್ಟಳು.

"ಯಾಕೆ ನಿಲ್ಸಿದೆ? ಇನ್ನೊಂಚೂರು ಜೋರಾಗಿ" ಎಂದು ಹಿಂದಿನಿಂದ ಕೂಗಿದರು.

ಸ್ಫೂರ್ತಿಗೆ ನಗು ತಡೆಯಲಾಗಲಿಲ್ಲ. ಎರಡನೇ ಗೇರು ಹಾಕಿದಳು. ರೇಸಿನಲ್ಲಿ ಇಳಿಜಾರು ಶುರುವಾಗುವಾಗ ಹೊಟ್ಟೆಯೊಳಗೆ ಏಳುತ್ತಿದ್ದ ಝುಂ ಅನ್ನುವ ಖುಷಿ ಕಡೂರಿನ ಬೀದಿಯಲ್ಲಿ, ಬೊಲೆರೊ ಸ್ಟೀರಿಂಗ್ ಹಿಡಿದವಳಿಗೆ ಎದ್ದಿತು. ಎರಡು ಹಂಪು, ಒಂದು ಗುಂಡಿ, ಮತ್ತೆ ಅಂಗಡಿ.

ಮಾವ ಇಳಿದರು. ಪಂಚೆಯ ತುಂಬ ಧೂಳು. ಅದನ್ನು ಕೊಡವಲಿಲ್ಲ, ಕುಕ್ಕರಗಾಲಲ್ಲಿ ಕೂತು ಹುಕ್ಕಿನ ಬುಡಕ್ಕೆ ಅಂಗೈ ಇಟ್ಟು ಸವರಿದರು. "ಒಂದಿಷ್ಟೂ ಮಿಸುಕಿಲ್ಲ. ಇದನ್ನೇ ಬಿಗಿ ರುದ್ರಮೂರ್ತಿ."

ಊರಿಗೆ ಮರಳುವಾಗ ಮಾವನೇ ಗಾಡಿ ಓಡಿಸಿದರು. ಹಿಂದೆ ಸೈಕಲ್ಲು ರಾಜಗಾಂಭೀರ್ಯದಿಂದ ನಿಂತಿತ್ತು. ಸ್ಫೂರ್ತಿ ಗಳಿಗೆಗೊಮ್ಮೆ ತಿರುಗಿ ನೋಡುತ್ತಿದ್ದಳು. ಸಖರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ಕಾಯಿ ವ್ಯಾಪಾರಿ ಷಣ್ಮುಖಪ್ಪ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದರು.

"ಭಾನುವಾರ ಸಿಂಗಟಗೆರೆ ತೋಟ ನೋಡೋಕೆ ಬತ್ತೀಯ ತಾನೆ ಗಂಗಾಧರಯ್ಯ?"

"ಆಗಲ್ಲ ಕಣಪ್ಪ. ನಮ್ಮ ಸೊಸೆದು ರೇಸು ಅದೆ."

ಷಣ್ಮುಖಪ್ಪ ಕಿಟಕಿಯೊಳಗೆ ಬಗ್ಗಿ ಸ್ಫೂರ್ತಿಯನ್ನೂ, ಹಿಂದಿದ್ದ ಸೈಕಲ್ಲನ್ನೂ ನೋಡಿದರು. "ಗೆಲ್ತಾಳಾ?"

ಗಂಗಾಧರಯ್ಯ ಗೇರು ಹಾಕಿದರು.

"ಗೆಲ್ಲೋದು ಸೋಲೋದು ಅವಳ ಕೆಲ್ಸ. ಅಲ್ಲಾಡದಂಗೆ ಗುಡ್ಡದ ತನಕ ಮುಟ್ಸೋದು ನಂದು."