ಆದೇಶದ ಕೊನೆಯ ವಾರ

“ಹನ್ನೊಂದು ನಿಮಿಷ ತಡ. ಎಲ್ಲಿಗೆ ಹೋಗಿದ್ರಿ, ಡ್ಯಾರಿಲ್?”

ನಿಗಾ ಅಧಿಕಾರಿ ಲೋಸಲಿನಿ ಅವನ ಮನೆಯ ಗೇಟಿನ ಬಳಿಯೇ ಕಾದು ನಿಂತಿದ್ದಳು. ಅವಳ ಫೋನಿನ ನಕ್ಷೆಯಲ್ಲಿ ಡ್ಯಾರಿಲ್ ಪೆಂಗ್ಲಿ ಒಂದು ಕೆಂಪು ಚುಕ್ಕೆ. ಅವನ ಕಾಲಿಗೆ ಬಿಗಿದಿದ್ದ ಜಿಪಿಎಸ್ ಪಟ್ಟಿ ಪ್ರತಿ ಹೆಜ್ಜೆಯನ್ನೂ ಅವಳಿಗೆ ಒಪ್ಪಿಸುತ್ತಿತ್ತು.

“ಮೀನಿನಂಗಡಿಗೆ.” ಅವನು ಎಣ್ಣೆ ಹೀರಿದ ಕಾಗದದ ಪೊಟ್ಟಣ ಎತ್ತಿ ತೋರಿಸಿದ. “ಬಿಚ್ಚಿ ನೋಡ್ತೀರಾ? ಒಳಗೆ ಬಾಂಬ್ ಇರಬಹುದು.”

“ಬರೋವಾಗ ನೇರ ರಸ್ತೆ ಬಿಟ್ಟು ರೈಲು ಹಳಿ ಸುತ್ತಿ ಬಂದಿದ್ದೀರಿ. ನೀವು ಕೊಟ್ಟ ವಾರದ ವೇಳಾಪಟ್ಟಿಯಲ್ಲಿ ಆ ದಾರಿ ಬರೆದಿಲ್ಲ.”

“ಉಚ್ಚೆ ಹೊಯ್ಯೋದನ್ನೂ ಬರೆದುಕೊಡಬೇಕಾ ಮೇಡಂ?”

ಬೇಕೆಂದೇ ದನಿ ಎತ್ತಿದ್ದ. ಪಕ್ಕದ ಮನೆಯ ಕಿಟಕಿ ತೆರೆಯಿತು. ಎದುರು ರಸ್ತೆಯಲ್ಲಿ ನಿಂತಿದ್ದ ಟ್ರಕ್ಕಿನ ಹಾರ್ನ್ ಎರಡು ಸಲ ಕೂಗಿತು.

ಟ್ರಕ್ಕಿನೊಳಗೆ ವಾರ್ವಿಕ್. ಡ್ಯಾರಿಲ್ ಹಿಂದೆ ಸೇರಿದ್ದ ಗುಂಪಿನ ಹಿರಿಯ. ಅವನ ಮೇಲೆ ಒಂದು ಕೇಸೂ ಇರಲಿಲ್ಲ. ಡ್ಯಾರಿಲ್ ಅತ್ತ ತಿರುಗಿ ಮುಷ್ಟಿ ಎತ್ತಿದ. ಲೋಸಲಿನಿ ಅದನ್ನೂ ಬರೆದುಕೊಂಡಳು.

ಡ್ಯಾರಿಲ್ ಆಸ್ಟ್ರೇಲಿಯಾದ ಪೋರ್ಟ್ ಕೆಂಬ್ಲಾದ ಉಕ್ಕಿನ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದವನು. ಇಪ್ಪತ್ತಾರರ ವಯಸ್ಸಿಗೆ, ದೇಶವನ್ನು ಬಿಳಿಯರಿಗೇ ಉಳಿಸುತ್ತೇವೆಂದು ಹೊರಟವರ ಜೊತೆ ಸೇರಿದ. ವಲಸಿಗರ ವಸತಿಗೃಹಕ್ಕೆ ಬೆಂಕಿಯಿಡಲು ಹೋಗಿ ಸಿಕ್ಕಿಬಿದ್ದ. ಒಂಬತ್ತು ವರ್ಷ ಜೈಲು. ಶಿಕ್ಷೆ ಮುಗಿದ ದಿನವೇ ಕೋರ್ಟು ಮೂರು ವರ್ಷದ ನಿಗಾ ಆದೇಶ ಕೊಟ್ಟಿತು. ಊರು ಬಿಡುವಂತಿಲ್ಲ. ಕೇಳಿದಾಗ ಫೋನು ಕೊಡಬೇಕು. ಹಳೆಯ ಗುಂಪಿನವರ ಜೊತೆ ಒಂದು ಮಾತೂ ಆಡುವಂತಿಲ್ಲ, ಅವರನ್ನು ಮನೆಗೆ ಸೇರಿಸುವಂತಿಲ್ಲ. ಆ ಆದೇಶ ಮುಗಿಯಲು ಐದೇ ದಿನ ಇತ್ತು. ಮುಂದುವರಿಸಬೇಕೆಂದು ಸರ್ಕಾರ ಅರ್ಜಿ ಹಾಕಿತ್ತು.

“ಮೂರು ವರ್ಷದಿಂದ ಬೈತಾನೇ ಇದ್ದೀರಿ,” ಎಂದಳು ಲೋಸಲಿನಿ. “ನಾನು ಫಿಜಿಯವಳು ಅಂತಾನಾ?”

“ಮೊದಮೊದಲು ಅದಕ್ಕೇ.” ಅವನು ದನಿ ತಗ್ಗಿಸಿದ. “ಈಗ ನೀವು ಬರೋದು ಕಡಿಮೆ ಆಗ್ತಿದೆಯಲ್ಲ, ಅದಕ್ಕೆ.”

ಸೊಕ್ಕು ಎಂದುಕೊಂಡಳು. ವರದಿಯಲ್ಲಿ ಬರೆದಳು: ಪಶ್ಚಾತ್ತಾಪವಿಲ್ಲ. ಹಳೆಯ ನಂಟು ಕಡಿದಿಲ್ಲ.

ಸಿಡ್ನಿಯ ಕೋರ್ಟಿನಲ್ಲಿ ಹಿಂದಿನ ಸಾಲು ತುಂಬಿತ್ತು. ನಡುವೆ ವಾರ್ವಿಕ್, ಅಕ್ಕಪಕ್ಕ ತಲೆ ಬೋಳಿಸಿಕೊಂಡ ನಾಲ್ವರು. ಡ್ಯಾರಿಲ್ ಪರ ವಕೀಲರನ್ನು ಗೊತ್ತುಮಾಡಿದ್ದೂ ವಾರ್ವಿಕ್ಕೇ.

“ನೀವು ಬಾಯಿ ಬಿಡಬೇಡಿ,” ಎಂದು ವಕೀಲರು ಡ್ಯಾರಿಲ್‌ನ ಕಿವಿಯಲ್ಲಿ ಹೇಳಿದರು. “ಇವತ್ತು ಕಾಲಿನ ಆ ಪಟ್ಟಿ ಬಿಚ್ಚಿಸಿ ನಿಮ್ಮನ್ನ ನಿಮ್ಮ ಜನರ ಜೊತೆ ಕಳಿಸ್ತೀನಿ.”

ಡ್ಯಾರಿಲ್ ಹಿಂದಿನ ಸಾಲಿನತ್ತ ತಿರುಗಿ ನೋಡಿದ.

ವಕೀಲರು ಲೋಸಲಿನಿಯನ್ನು ಮುಕ್ಕಾಲು ಗಂಟೆ ಕಟಕಟೆಯಲ್ಲಿ ನಿಲ್ಲಿಸಿ ಹಿಂಡಿದರು. ದಾರಿ ಬದಲಿಸಿದ್ದು ಅಪರಾಧವೇ? ಅಧಿಕಾರಿಯನ್ನು ಗೇಲಿ ಮಾಡಿದರೆ ಭಯೋತ್ಪಾದನೆಯೇ? ಶಿಕ್ಷೆ ಮುಗಿಸಿದ ಮನುಷ್ಯನನ್ನು ಇನ್ನೆಷ್ಟು ವರ್ಷ ಕಟ್ಟಿಹಾಕುತ್ತೀರಿ? ಅವಳು ಪ್ರತಿ ಸಲವೂ ತನ್ನ ವರದಿಯ ಸಾಲುಗಳನ್ನೇ ಓದಿದಳು. ಹಿಂದಿನ ಸಾಲಿನಲ್ಲಿ ನಗು ಹರಿದಾಡಿತು. ನ್ಯಾಯಾಧೀಶೆ ಕನ್ನಡಕ ತೆಗೆದು ಸರ್ಕಾರಿ ವಕೀಲರತ್ತ ಬೇಸರದಿಂದ ನೋಡಿದರು.

“ಬೇರೆ ಏನಾದರೂ ಹೇಳುವುದಿದೆಯೇ?”

ಡ್ಯಾರಿಲ್ ಎದ್ದು ನಿಂತ. ವಕೀಲರು ತೋಳು ಹಿಡಿದು ಜಗ್ಗಿದರು. ಕೊಡವಿದ. ನ್ಯಾಯಪೀಠಕ್ಕೆ ಬೆನ್ನು ಹಾಕಿ, ವಾರ್ವಿಕ್‌ನ ಕಣ್ಣಿನಲ್ಲಿ ಕಣ್ಣಿಟ್ಟು, ಬೀದಿಯಲ್ಲಿ ಕೂಗುತ್ತಿದ್ದ ಅದೇ ದನಿಯಲ್ಲಿ ಹೇಳಿದ:

“ಇನ್ನೂ ಮೂರು ವರ್ಷ ಹಾಕಿ ಜಡ್ಜ್ ಮೇಡಂ, ಆ ಆದೇಶ ಇರೋವರೆಗೂ ಇವನು ಗಾಡಿಯಿಂದ ಇಳಿದು ನನ್ನ ಬಾಗಿಲು ತಟ್ಟೋ ಹಾಗಿಲ್ಲ!”